ಚೀಟಿಯಲ್ಲಿ ಬರೆಯದ ಮಾತು

ನಮ್ಮ ವಿಜಯಪುರ ಜಿಲ್ಲೆಯ ಕಡೆ ರೇಡಿಯೇಶನ್ ಚಿಕಿತ್ಸೆಗೆ ‘ಕರೆಂಟ್ ಕೊಡೂದು’ ಅಂತಾರೆ. ‘ಆಕಿಗಿ ಕರೆಂಟ್ ಕೊಡಾಕತ್ತಾರಂತ’ ಎಂಬ ಒಂದು ಮಾತು ಸಾಕು, ಯಾರ ಮನೆಯಲ್ಲಿ ಏನಾಗಿದೆ ಎಂದು ನಿಡಗುಂದಿಯ ಓಣಿಗೆಲ್ಲ ತಿಳಿಯುತ್ತದೆ. ಕ್ಯಾನ್ಸರ್ ಎಂಬ ಹೆಸರನ್ನು ಬಾಯಿಗೆ ತಂದುಕೊಳ್ಳದೆ ವಿಷಯ ದಾಟಿಸುವ ಜಾಣತನ ಈ ಮಾತಿಗಿದೆ. ಆದರೆ ಅದು ತನ್ನ ಜೊತೆ ಹೆದರಿಕೆಯನ್ನೂ ಹೊತ್ತು ತರುತ್ತದೆ. ಕರೆಂಟ್ ಅಂದರೆ ಮುಟ್ಟಬಾರದ್ದು. ಹಾಗಾಗಿ ಕರೆಂಟ್ ಕೊಡಿಸಿಕೊಂಡು ಬಂದ ಹೆಂಗಸನ್ನು ಮುಟ್ಟಬಹುದೋ ಇಲ್ಲವೋ ಎಂಬ ಅನುಮಾನ ಸದ್ದಿಲ್ಲದೆ ಮನೆಯೊಳಗೆ ಬಂದು ಕೂರುತ್ತದೆ. ನಮ್ಮ ಮನೆಗೂ ಬಂದಿತ್ತು.

ನನಗೆ ಗರ್ಭಕಂಠದ ಕ್ಯಾನ್ಸರ್ ಇದೆ ಎಂದು ಗೊತ್ತಾದಾಗ ವಯಸ್ಸು 42. ಹೈಸ್ಕೂಲಿನಲ್ಲಿ ಕನ್ನಡ ಕಲಿಸುತ್ತೇನೆ. ನಮ್ಮ ಮನೆಯವರದು ಬೀಜ-ಗೊಬ್ಬರದ ಅಂಗಡಿ. ಅತ್ತಿ, ಮಾವ, ಪಿಯುಸಿ ಓದುವ ಮಗಳು, ಎಂಟನೆಯ ತರಗತಿಯ ಮಗ. ದೂರದ ಊರಿನ ಆಸ್ಪತ್ರೆಯೊಂದರಲ್ಲಿ ಚಿಕಿತ್ಸೆಯಾಯಿತು. ಸೋಮವಾರದಿಂದ ಶುಕ್ರವಾರದವರೆಗೆ, ಐದು ವಾರ, ಒಟ್ಟು 25 ಸಲ ಹೊರಗಿನಿಂದ ಕಿರಣ. ವಾರಕ್ಕೊಮ್ಮೆ ಸಿಸ್‌ಪ್ಲಾಟಿನ್ ಎಂಬ ಔಷಧಿಯ ಸಲಾಯಿನ್. ಕೊನೆಗೆ ಕಿರಣದ ಮೂಲವನ್ನೇ ಒಳಗಿಟ್ಟು ಕೊಡುವ ಬ್ರೇಕಿಥೆರಪಿ. ಮನೆಗೆ ಕಳಿಸುವ ದಿನ ಒಂದು ಚೀಟಿ ಕೊಟ್ಟರು. ಯಾವ ಮಾತ್ರೆ ಯಾವಾಗ, ಖಾರ ಎಷ್ಟು ಕಡಿಮೆ, ಭಾರ ಎಷ್ಟು ಎತ್ತಬಹುದು, ಮುಂದಿನ ತಪಾಸಣೆ ಎಂದು, ಎಲ್ಲವೂ ಇತ್ತು. ಗಂಡ-ಹೆಂಡತಿ ಮತ್ತೆ ಯಾವಾಗ ಕೂಡಬಹುದು, ಕೂಡಿದರೆ ಏನಾಗಬಹುದು ಎಂಬುದರ ಬಗ್ಗೆ ಒಂದು ಸಾಲೂ ಇರಲಿಲ್ಲ. ಕೇಳಲು ನನ್ನ ಬಾಯಿಯೂ ಬರಲಿಲ್ಲ, ಪಕ್ಕದಲ್ಲಿ ಮಾವ ನಿಂತಿದ್ದರು.

ನಾಲ್ಕನೆಯ ತಿಂಗಳಲ್ಲಿ ನಾವಿಬ್ಬರೂ ಒಮ್ಮೆ ಪ್ರಯತ್ನಿಸಿದೆವು. ಹಸಿ ಗಾಯಕ್ಕೆ ಉಪ್ಪು ಸವರಿದಂಥ ಉರಿ. ಹಾಸಿಗೆಯ ಮೇಲೆ ಎರಡು ಹನಿ ರಕ್ತ ಕಂಡದ್ದೇ ಅವರು ಎದ್ದು ಕೂತರು, ಏನೂ ಮಾತಾಡಲಿಲ್ಲ. ಮರುದಿನ ‘ಸೆಕಿ ಭಾಳ ಅದ’ ಎಂದು ತಮ್ಮ ಹಾಸಿಗೆಯನ್ನು ಪಡಸಾಲೆಗೆ ಒಯ್ದರು. ಸೆಕಿ ಹೋಗಿ ಮಳೆ ಬಂತು, ಮಳೆ ಹೋಗಿ ಚಳಿ ಬಂತು, ಹಾಸಿಗೆ ಮಾತ್ರ ಒಳಗೆ ಬರಲಿಲ್ಲ. ನನ್ನನ್ನು ಕಂಡರೆ ಅವರಿಗೆ ಅಸಹ್ಯವಾಗಿದೆ ಎಂದು ನನಗೆ ಅನಿಸತೊಡಗಿತು. ತಡೆಯಲಾರದೆ ಹಿರಿ ನೆಗೆಣ್ಣಿಯ ಮುಂದೆ ಸ್ವಲ್ಪ ಸೂಚನೆ ಕೊಟ್ಟೆ. ಆಕೆ ನನ್ನ ಕೈ ಹಿಡಿದು, ‘ಜೀವ ಉಳಿದದ್ದ ದೊಡ್ಡದವ್ವಾ, ಇನ್ನ ಅದೆಲ್ಲಾ ಯಾಕ ಬೇಕು?’ ಅಂದಳು. ಪ್ರೀತಿಯಿಂದಲೇ ಅಂದಳು.

ಜೀವ ಉಳಿದದ್ದು ದೊಡ್ಡದೇ. ಆದರೆ ಉಳಿದ ಜೀವಕ್ಕೆ ಮುಂದೆ ಎಷ್ಟು ವರ್ಷಗಳಿವೆ ಎಂಬುದನ್ನೂ ನೋಡಬೇಕಲ್ಲ. ನಮ್ಮ ಗಡಿಯಾಚೆ ಸೊಲ್ಲಾಪುರ ಜಿಲ್ಲೆಯ ಬಾರ್ಶಿಯಲ್ಲಿ 1987ರಲ್ಲಿ ದೇಶದ ಮೊದಲ ಗ್ರಾಮೀಣ ಕ್ಯಾನ್ಸರ್ ನೋಂದಣಿ ಶುರುವಾಯಿತು. ಅದರ ಪಕ್ಕದ ಉಸ್ಮಾನಾಬಾದ್ ಜಿಲ್ಲೆಯ ಹಳ್ಳಿಗಳಲ್ಲಿ 1,31,746 ಹೆಂಗಸರನ್ನು ಒಳಗೊಂಡು ಗರ್ಭಕಂಠದ ಕ್ಯಾನ್ಸರ್ ಪತ್ತೆಯ ದೊಡ್ಡ ಅಧ್ಯಯನವೊಂದು ನಡೆಯಿತು. ಅದರ ಫಲಿತಾಂಶ 2009ರಲ್ಲಿ ಪ್ರಕಟವಾಯಿತು. ಒಂದೇ ಒಂದು ಸಲ ಎಚ್‌ಪಿವಿ ಪರೀಕ್ಷೆ ಮಾಡಿ, ಬೇಕಾದವರಿಗೆ ಚಿಕಿತ್ಸೆ ಕೊಟ್ಟರೂ ಸಾವು ಹೆಚ್ಚುಕಡಿಮೆ ಅರ್ಧಕ್ಕಿಳಿಯುತ್ತದೆ ಎಂದು ಅದು ತೋರಿಸಿತು. ಆ ಹೆಂಗಸರ ವಯಸ್ಸು 30ರಿಂದ 59. ಸಂಸಾರದ ನಡುಮಧ್ಯದಲ್ಲಿರುವ ವಯಸ್ಸು ಅದು. ಬದುಕಿ ಉಳಿಯುವವರು ಹೆಚ್ಚಿದಂತೆಲ್ಲ, ಉಳಿದ ಮೇಲೆ ಹೇಗೆ ಬದುಕಬೇಕು ಎಂಬ ಪ್ರಶ್ನೆಯೂ ಹೆಚ್ಚುತ್ತದೆ. ಅದನ್ನು ‘ಯಾಕ ಬೇಕು’ ಎಂದು ತಳ್ಳಿಹಾಕಲಾಗದು.

ನನಗೆ ದಾರಿ ತೋರಿಸಿದ್ದು ಎಂಟನೆಯ ತಿಂಗಳ ತಪಾಸಣೆಗೆ ಹೋದಾಗ ಸಿಕ್ಕ ಒಬ್ಬ ಹಿರಿಯ ನರ್ಸ್. ಪರೀಕ್ಷೆಯ ಹೊತ್ತಿಗೆ ನಾನು ಹಲ್ಲು ಕಚ್ಚಿದ್ದನ್ನು ನೋಡಿ, ಪರದೆ ಎಳೆದು, ಮೆಲ್ಲಗೆ ಕೇಳಿದರು: ‘ಮನಿಯವರ ಜೋಡಿ ಕೂಡಿದಾಗ ತ್ರಾಸ ಆಗತದೇನ್ರಿ ಅಕ್ಕಾರ?’

ಎಂಟು ತಿಂಗಳಲ್ಲಿ ಯಾರೂ ಕೇಳದ ಪ್ರಶ್ನೆ. ನನಗೆ ಅಳು ಬಂತು, ಆಮೇಲೆ ಮಾತು ಬಂತು. 1976ರಲ್ಲಿ ಜ್ಯಾಕ್ ಆನನ್ ಎಂಬ ಅಮೆರಿಕದ ಮನಃಶಾಸ್ತ್ರಜ್ಞರು ಇಂಥ ತೊಂದರೆಗಳ ನೆರವಿಗೆ ನಾಲ್ಕು ಮೆಟ್ಟಿಲಿನ ಒಂದು ಕ್ರಮ ಹೇಳಿದ್ದರೆಂದು ನಂತರ ಓದಿದೆ. ಕೊನೆಯ ಮೆಟ್ಟಿಲು ತಜ್ಞರ ದೀರ್ಘ ಚಿಕಿತ್ಸೆ. ನಡುವೆ ತಿಳಿವಳಿಕೆ ಮತ್ತು ಸಲಹೆ. ಮೊಟ್ಟಮೊದಲನೆಯದು ಅನುಮತಿ. ಅಂದರೆ ‘ಇದನ್ನು ಇಲ್ಲಿ ಮಾತಾಡಬಹುದು’ ಎಂದು ರೋಗಿಗೆ ಗೊತ್ತುಮಾಡುವುದು. ಅದಕ್ಕೆ ಯಂತ್ರ ಬೇಡ, ದುಡ್ಡು ಬೇಡ, ಪರದೆ ಎಳೆದು ಒಂದು ಪ್ರಶ್ನೆ ಕೇಳಿದರೆ ಸಾಕು.

ಆ ನರ್ಸ್ ವಿವರಿಸಿದ್ದನ್ನು ನನ್ನ ಮಾತಿನಲ್ಲಿ ಹೇಳುತ್ತೇನೆ. ಕಿರಣವು ಕ್ಯಾನ್ಸರನ್ನು ಸುಡುವಾಗ ಅಕ್ಕಪಕ್ಕದ ಮೆತ್ತನೆಯ ಚರ್ಮವನ್ನೂ ಸುಡುತ್ತದೆ. ಅದು ಮಾಯುವಾಗ ಯೋನಿಯ ಗೋಡೆ ತೆಳುವಾಗುತ್ತದೆ, ಬಿಗಿಯಾಗುತ್ತದೆ. ಎರಡು ಬದಿಯ ಗೋಡೆಗಳು ಒಂದಕ್ಕೊಂದು ಅಂಟಿಕೊಳ್ಳಲೂಬಹುದು. ದಾರಿ ಕಿರಿದಾಗುತ್ತದೆ, ಗಿಡ್ಡವಾಗುತ್ತದೆ. ಅಂಡಾಶಯಗಳಿಗೂ ಕಿರಣ ತಾಗುವುದರಿಂದ ಮುಟ್ಟು ನಿಲ್ಲುತ್ತದೆ, ಈಸ್ಟ್ರೋಜನ್ ಇಲ್ಲದೆ ಒಳಗೆ ಪಸೆ ಆರುತ್ತದೆ. ಒಮ್ಮೆ ನೋವಾದರೆ ಮುಂದಿನ ಸಲ ಹೆದರಿಕೆಗೇ ಅಲ್ಲಿನ ಸ್ನಾಯುಗಳು ಬಿಗಿದುಕೊಳ್ಳುತ್ತವೆ, ಬಿಗಿದುಕೊಂಡದ್ದಕ್ಕೆ ಮತ್ತಷ್ಟು ನೋವು. ಇದರಲ್ಲಿ ಯಾರ ಮನಸ್ಸಿನ ದೋಷವೂ ಇಲ್ಲ. ಮೊಣಕೈ ಮುರಿದು ಪಟ್ಟಿ ಬಿಚ್ಚಿದ ಮೇಲೆ ಕೈ ಬಗ್ಗುವುದಿಲ್ಲ, ದಿನಾ ಸ್ವಲ್ಪ ಸ್ವಲ್ಪ ಬಗ್ಗಿಸಿ ರೂಢಿ ಮಾಡುತ್ತಾರಲ್ಲ, ಹಾಗೇ.

ಅದಕ್ಕಾಗಿ ಡೈಲೇಟರ್ ಎಂಬ ಸಾಧನವಿದೆ. ನುಣುಪಾದ ಪ್ಲಾಸ್ಟಿಕ್ಕಿನ ಅಥವಾ ಸಿಲಿಕೋನಿನ ಕೊಳವೆಗಳು, ಸಣ್ಣದರಿಂದ ದೊಡ್ಡದರವರೆಗೆ ಒಂದು ಸೆಟ್. ಒಳಗಿನ ಹುಣ್ಣು ಮಾಗಿದೆ ಎಂದು ವೈದ್ಯರು ನೋಡಿ ಹೇಳಿದ ಮೇಲೆ, ಸಾಮಾನ್ಯವಾಗಿ ಚಿಕಿತ್ಸೆ ಮುಗಿದ ಕೆಲವು ವಾರಗಳಲ್ಲೇ ಇದನ್ನು ಶುರುಮಾಡಿಸುತ್ತಾರೆ. ನನಗೆ ತಡವಾಗಿತ್ತು, ಆದರೂ ಉಪಯೋಗವಾಯಿತು. ನೀರಿನಂಶದ ಜೆಲ್ ಹಚ್ಚಿ, ಉಸಿರು ನಿಧಾನಕ್ಕೆ ಬಿಡುತ್ತ, ವಾರಕ್ಕೆ ಎರಡು-ಮೂರು ಸಲ, ಐದರಿಂದ ಹತ್ತು ನಿಮಿಷ. ನೋವು ಬಂದಲ್ಲಿ ನಿಲ್ಲಿಸುವುದು, ಒತ್ತದಿರುವುದು. ಆಮೇಲೆ ಸೋಪು ನೀರಿನಲ್ಲಿ ತೊಳೆದು ಒಣಗಿಸಿಡುವುದು. ಒಂದೆರಡು ಹನಿ ರಕ್ತ ಕಂಡರೆ ಗಾಬರಿ ಬೇಡ, ಹೆಚ್ಚು ರಕ್ತ ಅಥವಾ ಕೆಟ್ಟ ವಾಸನೆಯ ಸ್ರಾವ ಕಂಡರೆ ಕೂಡಲೇ ವೈದ್ಯರಲ್ಲಿಗೆ ಹೋಗಬೇಕು. ಇದು ಬರೀ ಗಂಡನಿಗಾಗಿ ಎಂದುಕೊಳ್ಳಬೇಡಿ ಎಂದೂ ಆ ನರ್ಸ್ ಹೇಳಿದರು. ಆ ದಾರಿ ಮುಚ್ಚಿದರೆ ರೋಗ ಮರಳಿದೆಯೇ ಎಂದು ವೈದ್ಯರು ಒಳಗೆ ನೋಡುವುದೂ ಕಷ್ಟ. ಆ ಕಾರಣ ನನ್ನ ನಾಚಿಕೆಯನ್ನು ಅರ್ಧಕ್ಕರ್ಧ ಕಡಿಮೆ ಮಾಡಿತು.

ಉಳಿದರ್ಧ ನಾಚಿಕೆ ಮನೆಯದು. ನಮ್ಮಂಥ ಮನೆಯಲ್ಲಿ ಹತ್ತು ನಿಮಿಷ ಬಾಗಿಲು ಹಾಕಿಕೊಳ್ಳುವುದೇ ಒಂದು ಸುದ್ದಿ. ತೊಳೆದ ಡೈಲೇಟರ್ ಎಲ್ಲಿ ಒಣಗಿಸಬೇಕು? ರೇಷ್ಮೆ ಸೀರೆಗಳ ಟ್ರಂಕಿನಲ್ಲಿ, ಹಳೆಯ ಸ್ಟೀಲ್ ಡಬ್ಬಿಯೊಳಗೆ ಬಟ್ಟೆ ಸುತ್ತಿ ಇಡುತ್ತಿದ್ದೆ. ಶನಿವಾರಗಳು ನನ್ನ ಪಾಲಿಗೆ ಬಂದವು. ಅತ್ತಿ-ಮಾವ ಯಲಗೂರ ಹಣಮಪ್ಪನ ದರ್ಶನಕ್ಕೆ ಹೋಗುತ್ತಿದ್ದರು, ನನಗೆ ಶಾಲೆ ಅರ್ಧ ದಿನ. ಹಣಮಪ್ಪ ಬ್ರಹ್ಮಚಾರಿ, ಆದರೂ ನನ್ನ ಸಂಸಾರಕ್ಕೆ ಅವನಿಂದಾದ ಉಪಕಾರ ಸಣ್ಣದಲ್ಲ.

ಇಂಥದೇ ಒಂದು ಶನಿವಾರ ಅಂಗಡಿ ಮುಚ್ಚಿ ಊಟಕ್ಕೆ ಬಂದ ಮನೆಯವರಿಗೆ ಆ ಡಬ್ಬಿ ತೆಗೆದು ತೋರಿಸಿದೆ. ಕಿರಣ ಒಳಗೆ ಏನು ಮಾಡಿದೆ ಎಂಬುದನ್ನೆಲ್ಲ ಪಾಠದ ಹಾಗೆ ಹೇಳಿದೆ. ಅವರು ಬಹಳ ಹೊತ್ತು ಸುಮ್ಮನಿದ್ದು ಅಂದರು: ‘ನಾ ಮುಟ್ಟಿದ್ರ ನಿನಗ ನೋವಾಗತದ ಅಂತ ಹೆದರಿ ಹೊರಗ ಹೋಗಿ ಮಲಗಿದೆ. ಅವತ್ತು ರಕ್ತ ನೋಡಿ ನನ್ನ ಕೈಕಾಲು ತಣ್ಣಗಾಗಿದ್ವು. ಬ್ಯಾನಿ ತಿರುಗಿ ಬಂತೇನೋ ಅನ್ನಿಸ್ತು.’

‘ನಿಮಗ ನನ್ನ ಕಂಡ್ರ ಹೇಸಿಕಿ ಆಗ್ಯದ ಅಂದ್ಕೊಂಡಿದ್ದೆ,’ ಅಂದೆ.

‘ಏನ ಹುಚ್ಚಿ ನೀ,’ ಅಂದರು. ಆಮೇಲೆ ಇನ್ನೊಂದು ಮಾತು ಕೇಳಿದರು, ಬಹುಶಃ ತಿಂಗಳುಗಟ್ಟಲೆ ನುಂಗಿಕೊಂಡದ್ದು: ‘ಇದು ಕೂಡೂದರಿಂದ ಬರತದಂತಲ್ಲ, ಖರೇ ಏನು?’

ಈ ಪ್ರಶ್ನೆಗೆ ಉತ್ತರ ಗೊತ್ತಿಲ್ಲದೆ ಎಷ್ಟೋ ಮನೆಗಳು ಒಡೆಯುತ್ತವೆ. ಕ್ಯಾನ್ಸರ್ ಒಬ್ಬರಿಂದ ಒಬ್ಬರಿಗೆ ಅಂಟುವುದಿಲ್ಲ. ಹೊರಗಿನಿಂದ ಬಿಟ್ಟ ಕಿರಣ ಮೈಯಲ್ಲಿ ಉಳಿಯುವುದಿಲ್ಲ. ಬ್ರೇಕಿಥೆರಪಿಯಲ್ಲೂ ಒಳಗಿಟ್ಟ ಮೂಲವನ್ನು ಪ್ರತಿ ಸಲ ಹೊರತೆಗೆದೇ ನನ್ನನ್ನು ಕಳಿಸಿದ್ದರು. ಗರ್ಭಕಂಠದ ಕ್ಯಾನ್ಸರಿಗೆ ಎಚ್‌ಪಿವಿ ಎಂಬ ವೈರಸ್ ಕಾರಣವೆಂಬುದು ನಿಜ. ಅದನ್ನು ಕಂಡುಹಿಡಿದದ್ದಕ್ಕೆ ಜರ್ಮನಿಯ ಹರಾಲ್ಡ್ ಸುರ್ ಹೌಸೆನ್ ಅವರಿಗೆ 2008ರಲ್ಲಿ ನೊಬೆಲ್ ಬಂತು. ಆದರೆ ಆ ವೈರಸ್ ಎಷ್ಟು ಸಾಮಾನ್ಯವೆಂದರೆ ಸಂಸಾರ ಮಾಡುವ ಹೆಚ್ಚಿನ ಗಂಡಸರಿಗೂ ಹೆಂಗಸರಿಗೂ ಒಂದಲ್ಲ ಒಂದು ಹೊತ್ತಿನಲ್ಲಿ ತಾಗಿಹೋಗುತ್ತದೆ. ಬಹುತೇಕರಲ್ಲಿ ದೇಹವೇ ಅದನ್ನು ಕಳೆಯುತ್ತದೆ, ಕೆಲವರಲ್ಲಿ ವರ್ಷಗಟ್ಟಲೆ ಉಳಿದು ರೋಗಕ್ಕೆ ದಾರಿಯಾಗುತ್ತದೆ. ಯಾರಿಂದ ಬಂತು, ಯಾವಾಗ ಬಂತು ಎಂದು ಹುಡುಕಿದರೆ ಉತ್ತರ ಸಿಗುವುದಿಲ್ಲ, ಜಗಳ ಮಾತ್ರ ಸಿಗುತ್ತದೆ.

ಅವತ್ತು ರಾತ್ರಿ ಹಾಸಿಗೆ ಒಳಗೆ ಬಂತು. ಆದರೆ ಕೂಡುವುದು ಸದ್ಯಕ್ಕೆ ಬೇಡ ಎಂದು ಇಬ್ಬರೂ ಮಾತಾಡಿಕೊಂಡೆವು. ನಮಗೆ ಗೊತ್ತಿಲ್ಲದೆಯೇ ನಾವು ಒಂದು ಹಳೆಯ ಚಿಕಿತ್ಸಾ ಕ್ರಮವನ್ನು ಹಿಡಿದಿದ್ದೆವು. ಮಾಸ್ಟರ್ಸ್ ಮತ್ತು ಜಾನ್ಸನ್ ಎಂಬ ಅಮೆರಿಕದ ಸಂಶೋಧಕರು 1970ರಲ್ಲಿ ಪ್ರಕಟಿಸಿದ ಪುಸ್ತಕದಲ್ಲಿ ದಂಪತಿಗಳಿಗೆ ಮೊದಲು ಸಂಭೋಗವನ್ನೇ ನಿಲ್ಲಿಸಿ, ಬರೀ ಸ್ಪರ್ಶದಿಂದ ಆರಂಭಿಸಲು ಹೇಳಿದ್ದರು. ಮುಟ್ಟಿದರೆ ಮುಂದೆ ಅಲ್ಲಿಗೇ ಹೋಗಬೇಕು ಎಂಬ ಭಯ ತೆಗೆದರೆ ಮುಟ್ಟುವುದು ಮತ್ತೆ ಹಿತವಾಗುತ್ತದೆ. ನಮ್ಮಲ್ಲಿ ಅದು ಕಾಲು ಒತ್ತುವುದರಿಂದ, ತಲೆಗೆ ಎಣ್ಣೆ ಹಚ್ಚುವುದರಿಂದ ಶುರುವಾಯಿತು. ಚಿಕಿತ್ಸೆಯ ದಿನಗಳಲ್ಲಿ ನನ್ನ ಮೈಯನ್ನು ಎಷ್ಟೋ ಕೈಗಳು ಮುಟ್ಟಿದ್ದವು, ತಿರುಗಿಸಿದ್ದವು, ಗುರುತು ಹಾಕಿದ್ದವು. ಅದು ನನ್ನದೇ ಮೈ ಎಂದು ತಿರುಗಿ ಅನಿಸಲು ಹಲವು ವಾರ ಹಿಡಿದವು.

ಕಷ್ಟವಾದದ್ದು ಮಾತು. ಕನ್ನಡ ಕಲಿಸುವವಳಿಗೇ ಇದಕ್ಕೆ ಪದಗಳಿರಲಿಲ್ಲ. ಒಂದು ಕಡೆ ಬೈಗುಳದ ಮಾತುಗಳು, ಇನ್ನೊಂದು ಕಡೆ ಪಠ್ಯಪುಸ್ತಕದ ಸಂಸ್ಕೃತ. ನಡುವೆ ಗಂಡ-ಹೆಂಡತಿ ಆಡಿಕೊಳ್ಳುವಂಥದ್ದು ಏನೂ ಇಲ್ಲ. ನಾವು ಸಣ್ಣ ಸಣ್ಣ ಮಾತುಗಳನ್ನೇ ಇಟ್ಟುಕೊಂಡೆವು: ‘ತಡೀರಿ’, ‘ಇಲ್ಲಿ ಬ್ಯಾಡ’, ‘ಇಷ್ಟ ಸಾಕು’, ‘ಹಿಂಗ ಇರಲಿ’. ಮದುವೆಯಾಗಿ 20 ವರ್ಷ ಈ ಮಾತುಗಳನ್ನು ನಾನು ಆಡಿರಲಿಲ್ಲ. ಐದು ತಿಂಗಳ ಮೇಲೆ, ಧಾರಾಳವಾಗಿ ಜೆಲ್ ಹಚ್ಚಿ, ಎಷ್ಟು ಆಳ, ಎಷ್ಟು ವೇಗ ಎಂಬುದು ನನ್ನ ಹಿಡಿತದಲ್ಲಿರುವ ಹಾಗೆ ನಾನು ಮೇಲಿದ್ದು, ನೋವಿಲ್ಲದೆ ಕೂಡಿದೆವು. ಮೊದಲಿನ ಹಾಗಿರಲಿಲ್ಲ. ನಿಧಾನವಿತ್ತು, ನಡುವೆ ಎರಡು ಸಲ ‘ತಡೀರಿ’ ಇತ್ತು, ಒಮ್ಮೆ ನಗುವೂ ಬಂತು.

ಇದು ಗರ್ಭಕಂಠದ ಕ್ಯಾನ್ಸರಿನ ಕತೆ ಮಾತ್ರವಲ್ಲ. ಗುಟ್ಕಾ, ತಂಬಾಕು ತುಂಬಿದ ನಮ್ಮ ಕಡೆ ಬಾಯಿಯ ಕ್ಯಾನ್ಸರಾಗಿ, ದವಡೆ ತೆಗೆಸಿಕೊಂಡು, ಬಾಯಿ ಎರಡು ಬೆರಳಷ್ಟೂ ತೆರೆಯದ ಗಂಡಸರಿದ್ದಾರೆ. ಹೆಂಡತಿಗೆ ಮುಖ ತೋರಿಸಲೂ ಅವರು ಅಳುಕುತ್ತಾರೆ. ಪ್ರಾಸ್ಟೇಟ್ ಶಸ್ತ್ರಚಿಕಿತ್ಸೆಯಲ್ಲಿ ನರಗಳಿಗೆ ಪೆಟ್ಟಾಗಿ ನಿಮಿರುವಿಕೆ ಕಳೆದುಕೊಂಡವರಿದ್ದಾರೆ, ಅವರಿಗೂ ಮಾತ್ರೆ, ಸಾಧನಗಳ ನೆರವಿದೆ. ಸ್ತನ ತೆಗೆಸಿಕೊಂಡವರು ಕತ್ತಲಲ್ಲೂ ಕುಪ್ಪಸ ಬಿಚ್ಚುವುದಿಲ್ಲ. ಒಣಗುವಿಕೆಗೆ ಯೋನಿಗೆ ಹಚ್ಚುವ ಈಸ್ಟ್ರೋಜನ್ ಮುಲಾಮು ಕೆಲವರಿಗೆ ಆಗುತ್ತದೆ. ಆದರೆ ಹಾರ್ಮೋನಿನಿಂದ ಬೆಳೆಯುವ ಸ್ತನ ಕ್ಯಾನ್ಸರ್ ಇದ್ದವರು ತಮ್ಮ ಕ್ಯಾನ್ಸರ್ ವೈದ್ಯರನ್ನು ಕೇಳದೆ ಅದನ್ನು ಮುಟ್ಟಬಾರದು.

ಕನ್ನಡದಲ್ಲಿ ಇದನ್ನೆಲ್ಲ ಮಾತಾಡುವ ದಾರಿ ಇಲ್ಲವೇ ಇಲ್ಲ ಎನ್ನಲಾರೆ. ಡಾ. ಅನುಪಮಾ ನಿರಂಜನ (1934–1991) ವೈದ್ಯೆಯಾಗಿದ್ದು ಕಾದಂಬರಿಗಳ ಜೊತೆಗೆ ‘ದಾಂಪತ್ಯ ದೀಪಿಕೆ’, ‘ಕೇಳು ಕಿಶೋರಿ’ಯಂಥ ಪುಸ್ತಕಗಳನ್ನೂ ಬರೆದರು. ಎಷ್ಟೋ ಮನೆಗಳ ಹೆಣ್ಣುಮಕ್ಕಳು ತಮ್ಮ ದೇಹದ ಬಗ್ಗೆ ಸಂಕೋಚವಿಲ್ಲದ ಕನ್ನಡವನ್ನು ಮೊದಲು ಓದಿದ್ದು ಅವರಿಂದಲೇ. ಅವರನ್ನೂ ಒಯ್ದದ್ದು ಕ್ಯಾನ್ಸರ್. ನಂತರ ಬಿ.ವಿ. ಭಾರತಿಯವರು ‘ಸಾಸಿವೆ ತಂದವಳು’ ಪುಸ್ತಕದಲ್ಲಿ ತಮ್ಮ ಸ್ತನ ಕ್ಯಾನ್ಸರಿನ ದಿನಗಳನ್ನು ಮುಚ್ಚುಮರೆಯಿಲ್ಲದೆ ಬರೆದರು. ಇಂಥ ಪುಸ್ತಕಗಳನ್ನು ಓದಿದವಳಿಗೆ ಪರದೆಯ ಹಿಂದೆ ಬಾಯಿ ತೆರೆಯುವುದು ಸ್ವಲ್ಪ ಸುಲಭ.

ಈಗ ಓಣಿಯಲ್ಲಿ ಯಾರಾದರೂ ಚಿಕಿತ್ಸೆ ಮುಗಿಸಿ ಬಂದರೆ ನಾನು ಮಾತಾಡಿಸಲು ಹೋಗುತ್ತೇನೆ. ಊಟ, ನಿದ್ದೆ, ಕೂದಲು ಎಲ್ಲ ಕೇಳಿದ ಮೇಲೆ, ಉಳಿದವರು ಚಹಾ ತರಲು ಒಳಗೆ ಹೋದ ಹೊತ್ತು ನೋಡಿ, ಮುಂದಿನ ತಪಾಸಣೆಯಲ್ಲಿ ಕೇಳಬೇಕಾದ ಮೂರು ಪ್ರಶ್ನೆ ಹೇಳಿಕೊಡುತ್ತೇನೆ: ಮನೆಯವರ ಜೊತೆ ಯಾವಾಗಿನಿಂದ ಕೂಡಬಹುದು? ಒಣಗಿದರೆ ಏನು ಹಚ್ಚಬೇಕು? ನನಗೆ ಡೈಲೇಟರ್ ಬೇಕೇ? ಮೊನ್ನೆ ಒಬ್ಬಾಕೆ, ‘ನನಗ ಕೇಳಾಕ ಆಗೂದಿಲ್ರೀ ಟೀಚರ್, ನಮ್ಮ ಮನಿಯವರ ಕಡೆ ಕೇಳಸ್ತೀನಿ’ ಅಂದಳು. ಕೇಳಿಸು, ಅದು ಇನ್ನೂ ಒಳ್ಳೆಯದು ಅಂದೆ.