ಸೋಡಾ ಅಂತ ಹೇಳಿ ಕೇಳಿದ್ದು

ಕೆ.ಆರ್. ಪೇಟೆಯಲ್ಲಿ ನನ್ನ ಸೋದರಮಾವನದು ಗೋಲಿ ಸೋಡಾ ಅಂಗಡಿ. ಅವರ ಮಗ ಅಮೆರಿಕದ ಪೋರ್ಟ್‌ಲೆಂಡಿನಲ್ಲಿದ್ದಾನೆ. ಹೋದ ಬೇಸಿಗೆಯಲ್ಲಿ ಅವನು ಮನೆಯಲ್ಲೇ ಬಿಯರ್ ಮಾಡಿದ. ಅಲ್ಲಿ ಅದಕ್ಕೆ ಕಾನೂನಿನ ಅಡ್ಡಿಯಿಲ್ಲ. ಹುದುಗಿ ಮುಗಿದ ಬಿಯರನ್ನು 19 ಲೀಟರಿನ ಸ್ಟೀಲ್ ಕೆಗ್‌ಗೆ ತುಂಬಿ, ಅಡುಗೆಮನೆಯ ಮೂಲೆಯಲ್ಲಿಟ್ಟು, ಸಿಲಿಂಡರಿನಿಂದ ಗ್ಯಾಸ್ ಬಿಟ್ಟ. ಎರಡು ದಿನದ ಮೇಲೆ ನಲ್ಲಿ ತಿರುಗಿಸಿದರೆ ಲೋಟದ ತುಂಬ ನೊರೆ, ಕುಡಿದರೆ ಸಪ್ಪೆ. ನನಗೆ ಫೋನ್ ಮಾಡಿ, “ಅಪ್ಪನ್ನ ಕೇಳು. ಬಿಯರ್ ಅಂತ ಮಾತ್ರ ಹೇಳ್ಬೇಡ” ಅಂದ.

ಹೇಳುವ ಹಾಗೂ ಇರಲಿಲ್ಲ. ತಾತ ಸಾರಾಯಿ ಕುಡಿದೇ ಹೋದವರು. ಇದ್ದ ಒಂದೆಕರೆ ಗದ್ದೆಯೂ ಅದಕ್ಕೇ ಹೋಯಿತು. 2007ರ ಜುಲೈನಲ್ಲಿ ರಾಜ್ಯದಲ್ಲಿ ಸಾರಾಯಿ ನಿಂತ ದಿನ ಮಾವ ಬಂದವರಿಗೆಲ್ಲ ಪುಕ್ಕಟೆ ಸೋಡಾ ಕೊಟ್ಟಿದ್ದರಂತೆ.

ಗೋಲಿ ಬಾಟಲಿಗೆ 1872ರಲ್ಲಿ ಪೇಟೆಂಟ್ ಪಡೆದವನು ಇಂಗ್ಲೆಂಡಿನ ಹೈರಮ್ ಕಾಡ್. ಬಾಟಲಿ ತಲೆಕೆಳಗಾದಾಗ ಗೋಲಿ ಕುತ್ತಿಗೆಗೆ ಜಾರುತ್ತದೆ, ಒಳಗಿನ ಗ್ಯಾಸೇ ಅದನ್ನು ರಬ್ಬರ್ ಉಂಗುರಕ್ಕೆ ಒತ್ತಿ ಹಿಡಿಯುತ್ತದೆ. ಬೇರೆ ಬಿರಡೆ ಬೇಡ. ಮಾವನ ಮೆಷೀನು ಅಂದರೆ ಹಿಡಿ ಇರುವ ಒಂದು ಕಬ್ಬಿಣದ ಪೆಟ್ಟಿಗೆ. ಬಾಟಲಿ ಕೂರಿಸಿ, ಗ್ಯಾಸ್ ಬಿಟ್ಟು, ಗರಗರ ತಿರುಗಿಸುತ್ತಾರೆ. ಚಿಕ್ಕಂದಿನಲ್ಲಿ ಅದು ಬರೀ ಆಟ ಅಂದುಕೊಂಡಿದ್ದೆ.

“ಬಿಸಿ ನೀರು ಗ್ಯಾಸ್ ಹಿಡಿಯಾಕಿಲ್ಲ ಕಣಪ್ಪ,” ಅಂದರು ಮಾವ. ವೈರಮುಡಿಗೆ ಮೇಲುಕೋಟೆಗೆ ಕ್ರೇಟುಗಟ್ಟಲೆ ಕಳಿಸುವಾಗ ಅವರು ಬೆಳಗಿನ ಜಾವ ಮೂರಕ್ಕೇ ಎದ್ದು ತುಂಬುತ್ತಿದ್ದದ್ದು ಅದಕ್ಕೇ. “ಸುಮ್ನೆ ಮಡಗಿದ್ರೆ ಗ್ಯಾಸು ಮೇಲೇ ಕುಂತಿರ್ತದೆ. ಕುಲುಕ್ದಾಗ್ಲೇ ಒಳೀಕ್ ಇಳಿಯದು. ಆಮೇಲೆ ಒಂದ್ ಗಳಿಗೆ ಮುಟ್ಬಾರ್ದು, ಸುಧಾರಿಸ್ಕಬೇಕು.”

ದ್ರವದಲ್ಲಿ ಎಷ್ಟು ಗ್ಯಾಸು ಕರಗುತ್ತದೆ ಅನ್ನುವುದು ಒತ್ತಡದ ಮೇಲೆ ನಿಂತಿದೆ ಎಂಬ ವಿಲಿಯಂ ಹೆನ್ರಿಯ 1803ರ ನಿಯಮವನ್ನು ನಾನು ಪರೀಕ್ಷೆಗೆ ಉರು ಹೊಡೆದವನು. ಮಾವ ಹೇಳುವವರೆಗೂ ಪೆಟ್ಟಿಗೆ ತಿರುಗುವುದಕ್ಕೂ ಅದಕ್ಕೂ ಸಂಬಂಧ ಹೊಳೆದಿರಲಿಲ್ಲ. ಇನ್ನೊಂದು ಸಂಗತಿ ಅವರಿಗೆ ಹೇಳಲಿಲ್ಲ. 1767ರಲ್ಲಿ ಲೀಡ್ಸ್‌ನಲ್ಲಿ ಜೋಸೆಫ್ ಪ್ರೀಸ್ಟ್ಲಿ ಎಂಬ ಪಾದ್ರಿ ಮೊದಲು ಸೋಡಾ ನೀರು ಮಾಡಿದ್ದು ಪಕ್ಕದ ಮನೆಯ ಬಿಯರ್ ಭಟ್ಟಿಯಲ್ಲಿ, ಹುದುಗುತ್ತಿದ್ದ ತೊಟ್ಟಿಗಳ ಮೇಲೆ ನೀರು ಹಿಡಿದು.

ಮಾವನ ಮಗ ಕೆಗ್ಗನ್ನು ಒಂದು ರಾತ್ರಿ ಫ್ರಿಜ್ಜಿನಲ್ಲಿಟ್ಟ. 30 ಪಿಎಸ್‌ಐ ಒತ್ತಡಕ್ಕೆ ಏರಿಸಿ, ತೊಡೆಯ ಮೇಲೆ ಮಗುವಿನ ಹಾಗೆ ಹಾಕಿಕೊಂಡು ಕುಲುಕಿ, ಸುಧಾರಿಸಿಕೊಳ್ಳಲು ಬಿಟ್ಟು, ಒತ್ತಡ 12ಕ್ಕೆ ಇಳಿಸಿದ. ಮಾರನೆಯ ದಿನ ಫೋಟೋ ಬಂತು: ಲೋಟದ ಅಂಚಿನಲ್ಲಿ ಎರಡು ಬೆರಳು ನೊರೆ, ಕೆಳಗಿನಿಂದ ಏಳುವ ಸಣ್ಣ ಗುಳ್ಳೆಗಳ ಸಾಲು.

“ಸರಿಹೋಯ್ತಂತೆ ಮಾವ, ಸೋಡಾ” ಅಂದೆ. ಫೋಟೋ ತೋರಿಸಲಿಲ್ಲ.

ಮಾವ ಬಾಟಲಿ ತೊಳೆಯುತ್ತಲೇ ಇದ್ದರು. ಸ್ವಲ್ಪ ಹೊತ್ತಿನ ಮೇಲೆ ಅಂದರು: “ಖಾಲಿ ಹೊಟ್ಟೇಲಿ ಕುಡೀಬ್ಯಾಡ ಅನ್ನು ಅವ್ನಿಗೆ.”