ಸದ್ದು ಎಂಥದ್ದು?

ವಾಷಿಂಗ್ ಮಷೀನಿನ ಜೊತೆ ಬರುವ ಕೈಪಿಡಿಯ ಕೊನೆಯ ಪುಟಗಳಲ್ಲಿ ಒಂದು ಕೋಷ್ಟಕ ಇರುತ್ತದೆ. ಎಡಗಡೆ ತೊಂದರೆ, ಬಲಗಡೆ ಪರಿಹಾರ. ನೀರು ಬರುತ್ತಿಲ್ಲ, ಬಾಗಿಲು ತೆರೆಯುತ್ತಿಲ್ಲ ಎಂದೆಲ್ಲ ಸಾಗಿ ಒಂದು ಸಾಲಿನಲ್ಲಿ ‘ಅಸಹಜ ಶಬ್ದ’ ಎಂದಿರುತ್ತದೆ. ಎದುರಿಗೆ ‘ಸೇವಾ ಕೇಂದ್ರವನ್ನು ಸಂಪರ್ಕಿಸಿ’. ಅನುವಾದ ನನ್ನ ಹೊಟ್ಟೆಪಾಡು. ಇಂಥ ಕೋಷ್ಟಕಗಳನ್ನು ಕನ್ನಡಕ್ಕೆ ತರುವುದೂ ಅದರಲ್ಲಿ ಸೇರಿದೆ. ‘ಅಸಹಜ ಶಬ್ದ’ ಎಂಬುದರಲ್ಲಿ ತಪ್ಪೇನೂ ಇಲ್ಲ. ಆದರೆ ಬಟ್ಟೆ ಹಿಂಡುವಾಗ ಮಷೀನು ಹೊರಡಿಸುವ ಸದ್ದಿನಲ್ಲಿ ಐದಾರು ಬಗೆಯಾದರೂ ಇವೆ. ಒಂದೊಂದಕ್ಕೂ ಬೇರೆ ಕಾರಣ. ಒಂದನ್ನು ಸರಿಮಾಡಲು ಕಾಸೂ ಬೇಡ, ಇನ್ನೊಂದಕ್ಕೆ ಹೊಸ ಮಷೀನಿನ ಅರ್ಧ ಬೆಲೆ ಬೇಕು. ಎಲ್ಲವನ್ನೂ ‘ಅಸಹಜ’ ಎಂದುಬಿಟ್ಟರೆ, ಹಲ್ಲುನೋವು, ಹೊಟ್ಟೆನೋವು, ಎದೆನೋವು ಮೂರಕ್ಕೂ ಬರೀ ‘ನೋವು’ ಎಂದು ಚೀಟಿ ಬರೆದುಕೊಂಡು ಡಾಕ್ಟರ ಹತ್ತಿರ ಹೋದ ಹಾಗೆ.

ಹಿಂಡುವ ಹೊತ್ತಿನಲ್ಲೇ ಯಾಕೆ ಇಷ್ಟು ಸದ್ದು? ಒಗೆಯುವಾಗ ಡ್ರಮ್ಮು ನಿಮಿಷಕ್ಕೆ 50 ಸುತ್ತಿನ ಆಸುಪಾಸಿನಲ್ಲಿ ಆಲಸಿಯ ಹಾಗೆ ಹೊರಳುತ್ತಿರುತ್ತದೆ. ಹಿಂಡುವಾಗ ಅದೇ ಡ್ರಮ್ಮು 1000, 1200 ಸುತ್ತಿಗೆ ಏರುತ್ತದೆ. ಅರ್ಧ ಮೀಟರಿಗೆ ತುಸು ಕಡಿಮೆ ಅಗಲದ ಡ್ರಮ್ಮು 1000 ಸುತ್ತಿನಲ್ಲಿ ತಿರುಗುತ್ತಿದ್ದರೆ, ಅದರ ಗೋಡೆಗೆ ಅಂಟಿದ ಬಟ್ಟೆಯ ಮೇಲಿನ ಎಳೆತ ಬಟ್ಟೆಯ ತೂಕದ 250 ಪಟ್ಟನ್ನು ಮೀರುತ್ತದೆ. ಒಂದು ಒದ್ದೆ ಟವೆಲ್ಲು ಒಂದೇ ಪಕ್ಕಕ್ಕೆ ಕೂತು 200 ಗ್ರಾಂ ಹೆಚ್ಚುಕಡಿಮೆ ಆಯಿತೆನ್ನಿ. ಐವತ್ತು ಕಿಲೋದ ಅಕ್ಕಿಮೂಟೆಯನ್ನು ಸೆಕೆಂಡಿಗೆ ಹದಿನಾರು ಹದಿನೇಳು ಸಲ ಸುತ್ತ ಎಳೆದಾಡಿದ ಹಾಗಾಗುತ್ತದೆ. ಇದನ್ನು ತಡೆಯಲೆಂದೇ ಒಳಗಿನ ತೊಟ್ಟಿಯನ್ನು ಸ್ಪ್ರಿಂಗಿನಲ್ಲಿ ನೇತುಹಾಕಿ, ಕೆಳಗೆ ಶಾಕ್ ಅಬ್ಸಾರ್ಬರ್ ಕೊಟ್ಟು, ಅಲ್ಲಾಡದಿರಲಿ ಅಂತ ಕಾಂಕ್ರೀಟಿನ ತುಂಡುಗಳನ್ನೂ ಬಿಗಿದಿರುತ್ತಾರೆ. ಒಗೆಯುವಾಗ ಬಚ್ಚಿಟ್ಟುಕೊಂಡ ದೋಷಗಳೆಲ್ಲ ಹಿಂಡುವಾಗ ಬಾಯಿಬಿಡುತ್ತವೆ.

ನಮ್ಮ ಮನೆಯ ಮಷೀನು ಬಾಯಿಬಿಟ್ಟದ್ದು ಕಳೆದ ಆಷಾಢದಲ್ಲಿ. ಕೋಲ್ಕತ್ತದ ಢಾಕುರಿಯಾದಲ್ಲಿ ಮೂರನೇ ಮಹಡಿಯ ಬಾಡಿಗೆ ಮನೆ. ಸಾಗರದಿಂದ ಅಮ್ಮ ಬಂದು ನನ್ನ ಜೊತೆ ಇರತೊಡಗಿ ಎಂಟು ತಿಂಗಳಾಗಿತ್ತು. ಅಪ್ಪ ಹೋದ ಮೇಲೆ ಒಬ್ಬಳೇ ಇದ್ದವಳು ಅಂಗಳದಲ್ಲಿ ಜಾರಿ ಬಿದ್ದು ಮಣಿಕಟ್ಟು ಮುರಿದುಕೊಂಡಿದ್ದಳು. ಮೂಳೆ ಕೂಡಿತ್ತು, ಬಟ್ಟೆ ಹಿಂಡುವ ಕಸುವು ಬಂದಿರಲಿಲ್ಲ. ಮಳೆ ಮಲೆನಾಡಿನವರಿಗೆ ಹೊಸತಲ್ಲ. ಆದರೆ ಅಲ್ಲಿ ಒಲೆಯ ಮೇಲಿನ ಗಳಕ್ಕೆ ಹಾಕಿದರೆ ಬಟ್ಟೆ ಒಣಗುತ್ತಿತ್ತು. ಇಲ್ಲಿ ಮಷೀನು ಹಿಂಡಿಕೊಡದಿದ್ದರೆ ಮೂರು ದಿನವಾದರೂ ಮುಗ್ಗಲು ವಾಸನೆ ಬಿಡುವುದಿಲ್ಲ.

ಅದಕ್ಕಿಂತ ದೊಡ್ಡ ಕಷ್ಟ ಮಾತಿನದು. ಅಮ್ಮನಿಗೆ ಬಂಗಾಳಿ ಬಾರದು, ಹಿಂದಿ ಬಾರದು. ತರಕಾರಿಯವನ ಹತ್ತಿರ ಬೆರಳು ತೋರಿಸುತ್ತಾಳೆ, ಪಕ್ಕದ ಮನೆಯವರಿಗೆ ನಗು ತೋರಿಸುತ್ತಾಳೆ. “ನನ್ನನ್ನ ಊರಿಗೆ ಬಿಟ್ಟುಬಾರೆ. ಇಲ್ಲಿ ನಾನು ಮೂಗಿ” ಎಂದು ವಾರಕ್ಕೊಮ್ಮೆಯಾದರೂ ಹೇಳುತ್ತಿದ್ದಳು. ನನ್ನ ಹತ್ತಿರ ಉತ್ತರ ಇರಲಿಲ್ಲ.

ಕಂಪನಿಯ ಕಡೆಯಿಂದ ಬಂದವರು ಒಂದು ನಿಮಿಷ ಮಷೀನು ಓಡಿಸಿ “ಬೇರಿಂಗ್ ಹೋಗಿದೆ” ಎಂದರು. ಈ ಮಾದರಿಯಲ್ಲಿ ಒಳಗಿನ ಪ್ಲಾಸ್ಟಿಕ್ ತೊಟ್ಟಿಯ ಎರಡು ಹೋಳುಗಳನ್ನು ಬೆಸೆದುಬಿಟ್ಟಿರುತ್ತಾರೆ, ಬಿಚ್ಚಲು ಬರುವುದಿಲ್ಲ, ಹಾಗಾಗಿ ಪೂರ್ತಿ ತೊಟ್ಟಿಯನ್ನೇ ಬದಲಿಸಬೇಕು, ಅದರ ಬದಲು ಹೊಸ ಮಷೀನು ತೆಗೆದುಕೊಳ್ಳುವುದೇ ವಾಸಿ ಎಂದು ಲೆಕ್ಕ ಕೊಟ್ಟು ಹೋದರು. ಎರಡು ಪುಸ್ತಕಗಳ ಹಣ ಬರುವುದಿದ್ದು ಒಂದೂ ಬಾರದ ತಿಂಗಳು ಅದು. ಕೊನೆಗೆ ನಮ್ಮ ಕಟ್ಟಡದ ಇಸ್ತ್ರಿಯವರು ಹೇಳಿದ ಮಿಸ್ತ್ರಿಯೊಬ್ಬರನ್ನು ಕರೆಸಿದೆ.

ಅವರು ಬಂದಾಗ ನಾನು ಪಕ್ಕದ ಕೋಣೆಯಲ್ಲಿ ಕೆಲಸದ ಕರೆಯಲ್ಲಿದ್ದೆ. ಬಾಗಿಲು ತೆರೆದೇ ಇತ್ತು. ಮಿಸ್ತ್ರಿ ಮಷೀನು ಮುಟ್ಟಲಿಲ್ಲ. ಮೊದಲು ಅಮ್ಮನನ್ನೇ ಕೇಳಿದರು: “ಮಾಶಿಮಾ, ಕೀ ರಕೊಮ್ ಆವಾಜ್?” ಯಾವ ಥರದ ಸದ್ದು ಅಂತ. ‘ಆವಾಜ್’ ಒಂದು ಅಮ್ಮನಿಗೆ ಸಿಕ್ಕಿರಬೇಕು. ಕನ್ನಡದಲ್ಲೇ ಶುರುಮಾಡಿದಳು. “ನೋಡಪ್ಪ, ನೀರು ಹೊರಗೆ ಹೋಗೋವಾಗ ಕಟಕಟ ಅನ್ನತ್ತೆ. ಆಮೇಲೆ ತಿರುಗೋಕೆ ಶುರುವಾದ್ರೆ ಗೋಂ ಅಂತ ಬರತ್ತೆ. ಜೋರು ತಿರುಗಿದಷ್ಟೂ ಗೋಂ ಜೋರಾಗತ್ತೆ.” ಕೈಯಲ್ಲಿ ನೀರು ಹೋಗುವುದನ್ನೂ ಡ್ರಮ್ಮು ತಿರುಗುವುದನ್ನೂ ತೋರಿಸಿರಬೇಕು. ಆ ಕಡೆಯಿಂದ ಮಿಸ್ತ್ರಿಯ ದನಿ: “ಜೊಲ್ ಜಾಬಾರ್ ಶೊಮೊಯ್ ಖಟ್‌ಖಟ್? ಆರ್ ಘುರ್‌ಲೇ ಗೋಂ ಗೋಂ?” ಅಮ್ಮ “ಹ್ಞಾ, ಅದೇ ಅದೇ” ಎಂದಳು. ಎಂಟು ತಿಂಗಳಲ್ಲಿ ನನ್ನ ಮಧ್ಯಸ್ಥಿಕೆಯಿಲ್ಲದೆ ಅವಳು ಒಬ್ಬ ಬಂಗಾಳಿಯ ಜೊತೆ ಆಡಿದ ಮೊದಲ ಮಾತುಕತೆ ಅದು.

ಹೈಸ್ಕೂಲಿನ ವ್ಯಾಕರಣದಲ್ಲಿ ಇಂಥ ಪದಗಳಿಗೆ ‘ಅನುಕರಣಾವ್ಯಯ’ ಎಂದು ಹೆಸರು. ಪಟಪಟ, ಧಗಧಗ, ಚಟಚಟ ಎಂದು ಉದಾಹರಣೆ ಬರೆದು ಮುಂದೆ ಹೋಗುತ್ತೇವೆ. ಬಂಗಾಳಿಯಲ್ಲಿ ಇವುಗಳ ಬೆನ್ನು ಹತ್ತಿದವರು ರವೀಂದ್ರನಾಥ ಠಾಕೂರರು. 1909ರಲ್ಲಿ ಬಂದ ‘ಶಬ್ದತತ್ತ್ವ’ ಪುಸ್ತಕದಲ್ಲಿ ಇವುಗಳ ಮೇಲೆ ಅವರದೊಂದು ಲೇಖನವಿದೆ. ಸದ್ದೇ ಇಲ್ಲದ ಸಂಗತಿಗೂ ಬಂಗಾಳಿ ಸದ್ದಿನ ಪದ ಬಳಸುತ್ತದೆ ಎಂಬುದು ಅವರ ಕಣ್ಣಿಗೆ ಬಿದ್ದಿತ್ತು: ಕೆಂಪು ‘ಟಕ್‌ಟಕೆ’, ಬಿಳುಪು ‘ಧಬ್‌ಧಬೆ’. ಕನ್ನಡದವರಿಗೆ ಇದರಲ್ಲಿ ಆಶ್ಚರ್ಯವಿಲ್ಲ. ನಮ್ಮ ಪಾತ್ರೆ ಥಳಥಳ ಹೊಳೆಯುತ್ತದೆ, ಕತ್ತಲೆ ಗವ್ ಎನ್ನುತ್ತದೆ, ಜನವಿಲ್ಲದ ಮನೆ ಭಣಭಣ ಎನ್ನುತ್ತದೆ. ಅದೇ ಮನೆ ಬಂಗಾಳಿಯಲ್ಲಿ ‘ಖಾಂ ಖಾಂ’ ಎನ್ನುತ್ತದೆ. ದ್ರಾವಿಡ ಭಾಷೆಗಳ ದೊಡ್ಡ ವಿದ್ವಾಂಸ ಎಂ.ಬಿ. ಎಮೆನೊ 1969ರ ಒಂದು ಲೇಖನದಲ್ಲಿ, ಈ ಜೋಡುಪದಗಳು ದ್ರಾವಿಡ ಮತ್ತು ಆರ್ಯ ಕುಟುಂಬಗಳೆರಡರಲ್ಲೂ ಹಬ್ಬಿರುವುದನ್ನು ತೋರಿಸಿ, ಭಾರತವನ್ನು ಒಂದೇ ಭಾಷಾವಲಯವಾಗಿ ನೋಡಲು ಇದೂ ಒಂದು ಕಾರಣ ಎಂದರು. ಎಂ.ಎ. ಓದುವಾಗ ಪರೀಕ್ಷೆಗೆಂದು ಕಲಿತ ವಿಷಯ. ಅದು ಬಚ್ಚಲಮನೆಯ ಬಾಗಿಲಲ್ಲಿ ನಡೆಯುವುದನ್ನು ಕೇಳಿದ್ದು ಅವತ್ತೇ.

ಹಾಗಂತ ಎಲ್ಲವೂ ದಾಟುವುದಿಲ್ಲ. ಎಣ್ಣೆ ಕಾಣದ ಬಾಗಿಲು ನಮಗೆ ಕಿರ್ರೆನ್ನುತ್ತದೆ, ಅವರಿಗೆ ‘ಕ್ಯಾಂಚ್‌ಕ್ಯಾಂಚ್’ ಎನ್ನುತ್ತದೆ. ಪದ ಅರ್ಧ ದಾರಿ ಬಂದು ನಿಂತರೆ ಉಳಿದರ್ಧವನ್ನು ಪರೀಕ್ಷೆಯೇ ದಾಟಿಸಬೇಕು. ಮಿಸ್ತ್ರಿ ಮಾಡಿದ್ದು ಅದನ್ನೇ.

ಭಾಷಾವಿಜ್ಞಾನದಲ್ಲಿ ಕನಿಷ್ಠ ಜೋಡಿ ಎಂಬುದೊಂದಿದೆ. ‘ಬಳೆ’, ‘ಬಲೆ’: ಉಳಿದುದೆಲ್ಲ ಒಂದೇ, ಒಂದು ಧ್ವನಿ ಮಾತ್ರ ಬೇರೆ, ಅರ್ಥವೂ ಬೇರೆ. ಹಾಗಾದರೆ ಕನ್ನಡದಲ್ಲಿ ಳ, ಲ ಎರಡೂ ಬೇರೆ ಬೇರೆ ಧ್ವನಿಮಾಗಳು ಎಂದು ತೀರ್ಮಾನ. ಒಂದನ್ನು ಮಾತ್ರ ಬದಲಿಸಿ, ಮಿಕ್ಕಿದ್ದನ್ನು ಹಾಗೇ ಬಿಟ್ಟು, ಏನು ವ್ಯತ್ಯಾಸ ಆಯಿತೆಂದು ನೋಡುವುದು. ಕರೆ ಮುಗಿಸಿ ಬಂದ ನಾನು ನೋಡಿದ್ದು ಇದನ್ನೇ.

ಮೊದಲು ಮಷೀನು ಖಾಲಿ ಮಾಡಿ, ಬರೀ ನೀರು ಹೊರಹಾಕುವಂತೆ ಓಡಿಸಿದರು. ಡ್ರಮ್ಮು ನಿಂತೇ ಇದೆ, ಕಟಕಟ ಕೇಳುತ್ತಿದೆ. ಅಂದರೆ ಸದ್ದು ಪಂಪಿನದು. ಹಿಂಡುವಾಗಲೂ ಪಂಪು ಓಡುವುದರಿಂದ ಎರಡೂ ಸದ್ದು ಕಲಸಿಹೋಗುತ್ತವೆ, ಅಷ್ಟೆ. ಪ್ಲಗ್ ಕಿತ್ತು, ಮುಂದೆ ಕೆಳಮೂಲೆಯಲ್ಲಿರುವ ಪುಟ್ಟ ಬಾಗಿಲು ತೆರೆದು, ತಟ್ಟೆ ಇಟ್ಟು ಫಿಲ್ಟರ್ ತಿರುಗಿಸಿದರು. ಕಪ್ಪು ನೀರಿನ ಜೊತೆ ಒಂದು ರೂಪಾಯಿಯ ನಾಣ್ಯ, ಒಂದು ಪಿನ್ನು, ಅಮ್ಮನ ರವಿಕೆಯ ಹುಕ್ಕು ಬಂದವು. ಕಟಕಟ ಅಲ್ಲಿಗೆ ಮುಗಿಯಿತು.

ಆಮೇಲೆ ಖಾಲಿ ಡ್ರಮ್ಮನ್ನೇ ಹಿಂಡುವ ವೇಗಕ್ಕೆ ಏರಿಸಿದರು. ಗೋಂ ಬಂತು. ಒಳಗೆ ಬಟ್ಟೆಯೇ ಇಲ್ಲ, ಹಾಗಾಗಿ ಬಟ್ಟೆ ಒಂದು ಕಡೆ ಸೇರಿದ ತೊಂದರೆ ಇದಲ್ಲ. ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ಮಷೀನಿನ ಬೆನ್ನಿಗೆ ಒತ್ತಿ ಹಿಡಿಯನ್ನು ಕಿವಿಗೆ ಆನಿಸಿಕೊಂಡರು. 1816ರಲ್ಲಿ ಫ್ರಾನ್ಸಿನ ವೈದ್ಯ ಲೆನೆಕ್ ಕಾಗದ ಸುರುಳಿ ಸುತ್ತಿ ರೋಗಿಯ ಎದೆಗಿಟ್ಟು ಸ್ಟೆತಸ್ಕೋಪಿಗೆ ದಾರಿ ಮಾಡಿದ್ದು ಹೀಗೇ. ನಂತರ ಸ್ವಿಚ್ ಆರಿಸಿದರು. ಮೋಟಾರು ಸತ್ತಿತು, ಡ್ರಮ್ಮು ತನ್ನ ಓಘದಲ್ಲಿ ತಿರುಗುತ್ತಲೇ ಇತ್ತು, ಗೋಂ ಕೂಡ ಅದರ ಜೊತೆಗೇ ನಿಧಾನವಾಗಿ ಇಳಿಯಿತು. ಮೋಟಾರಿನ ತಪ್ಪೂ ಅಲ್ಲ. ಕೊನೆಗೆ ಬರಿಗೈಯಲ್ಲಿ ಡ್ರಮ್ಮು ತಿರುಗಿಸಿ ನನ್ನ ಕೈಯನ್ನೂ ಇಡಿಸಿದರು. ಬೀಸುಕಲ್ಲಿಗೆ ಮರಳು ಸಿಕ್ಕಿದ ಹಾಗೆ ಗರಗರ. ಡ್ರಮ್ಮಿನ ಬಾಯಂಚನ್ನು ಮೇಲೆತ್ತಿದರೆ ಸ್ವಲ್ಪ ಆಡುತ್ತಿತ್ತು.

ತೀರ್ಪು ಕಂಪನಿಯವರು ಹೇಳಿದ್ದೇ: ಬೇರಿಂಗ್. ಆದರೆ ಬೇರಿಂಗ್ ಹೋಗಲು ಒಂದು ಕಾರಣ ಇರುತ್ತದೆ. ಅದರ ಮುಂದಿನ ರಬ್ಬರ್ ಸೀಲು ಸವೆದು ಸೋಪಿನ ನೀರು ಒಳಗೆ ಇಳಿದರೆ ಗ್ರೀಸು ತೊಳೆದುಹೋಗಿ ಗುಂಡುಗಳಿಗೆ ತುಕ್ಕು ಹಿಡಿಯುತ್ತದೆ. ಸೀಲು ಬದಲಿಸದೆ ಬೇರಿಂಗ್ ಮಾತ್ರ ಬದಲಿಸಿದರೆ ಹೊಸತೂ ಅದೇ ದಾರಿ ಹಿಡಿಯುತ್ತದೆ. ಹಾಗೇ ಓಡಿಸುತ್ತ ಹೋದರೆ ಅಚ್ಚು ಸವೆದು, ಡ್ರಮ್ಮು ತೊಟ್ಟಿಗೆ ಉಜ್ಜಿ, ಉಳಿಸಲು ಏನೂ ಇರುವುದಿಲ್ಲ. ಬೆಸೆದ ತೊಟ್ಟಿಯನ್ನು ಕೊಯ್ದು, ಬೇರಿಂಗ್ ಮತ್ತು ಸೀಲು ಕೂರಿಸಿ, ಸಿಲಿಕಾನ್ ಹಚ್ಚಿ ಸುತ್ತಲೂ ಸ್ಕ್ರೂ ಬಿಗಿದು ಕೊಡುತ್ತೇನೆ ಎಂದರು. ಕಂಪನಿ ಇದನ್ನು ಮಾಡುವುದಿಲ್ಲ. ಮುಂದೆ ಸೋರಿದರೆ ಹೊಣೆ ಯಾರದು ಎಂಬ ಅವರ ಪ್ರಶ್ನೆಯೂ ಸರಿಯೇ. ನಾನು ಒಪ್ಪಿದೆ.

ತುಂಡು ಕಾಗದದಲ್ಲಿ ಎರಡು ಸಂಖ್ಯೆ ಬರೆದುಕೊಟ್ಟರು: 6204, 6205. ಕೊನೆಯ ಎರಡು ಅಂಕಿಗಳನ್ನು ಐದರಿಂದ ಗುಣಿಸಿದರೆ ಬೇರಿಂಗಿನ ಒಳರಂಧ್ರದ ಅಳತೆ ಮಿಲಿಮೀಟರಿನಲ್ಲಿ ಸಿಗುತ್ತದೆ, 20 ಮತ್ತು 25. ಚಾಂದನಿ ಚೌಕದ ಬಿಡಿಭಾಗಗಳ ಗಲ್ಲಿಯಲ್ಲಿ ಕಾಗದ ನೀಡಿದೆ. ಅಂಗಡಿಯವರು ಕೇಳಿದ್ದು ಒಂದೇ: ಎರಡೂ ಬದಿಗೆ ತಗಡಿನ ಮುಚ್ಚಳವೋ, ರಬ್ಬರಿನದೋ? ರಬ್ಬರಿನದು ಎಂದೆ. ಬೆಂಗಳೂರಿನಲ್ಲಿ, ಬರ್ಲಿನ್ನಿನಲ್ಲಿ ಕೇಳಿದರೂ 6205 ಎಂದರೆ ಅದೇ ವಸ್ತು. ಅನುವಾದವೇ ಬೇಡದ ಪದ. ಆದರೆ ಆ ಪದ ಬೇಕೆಂದು ಗೊತ್ತಾಗುವ ತನಕ ನಡೆಯಬೇಕಾದ ದಾರಿಯೆಲ್ಲ ಕಟಕಟ, ಗೋಂ, ಗರಗರಗಳದ್ದು.

ಬೇರಿಂಗು, ಸೀಲು, ಕೂಲಿ ಎಲ್ಲ ಸೇರಿ ಹೊಸ ಮಷೀನಿನ ಬೆಲೆಯ ಹತ್ತನೇ ಒಂದು ಭಾಗಕ್ಕಿಂತ ತುಸು ಹೆಚ್ಚಾಯಿತು. ಜೋಡಿಸಿ ಓಡಿಸಿದ ದಿನ ಮಿಸ್ತ್ರಿ ನನ್ನ ಕಡೆ ನೋಡಲಿಲ್ಲ. “ಮಾಶಿಮಾ, ಎಖೊನ್?” ಎಂದರು. ಅಮ್ಮ ತಲೆ ಓರೆ ಮಾಡಿ ಕೇಳಿಸಿಕೊಂಡು “ಈಗ ಬರೀ ಸುಂಯ್” ಎಂದಳು. “ಶೋಂ ಶೋಂ,” ಎಂದು ಅವರು ತಲೆಯಾಡಿಸಿದರು.

ಅದಾದ ಮೇಲೆ ಕೈಪಿಡಿಯ ಕೆಲಸವೊಂದು ಬಂದಾಗ, ‘ಅಸಹಜ ಶಬ್ದ’ದ ಸಾಲನ್ನು ನಾಲ್ಕಾಗಿ ಒಡೆಯಬಹುದೇ ಎಂದು ಬರೆದು ಕೇಳಿದೆ. ಎಲ್ಲ ಭಾಷೆಗಳ ಪುಟ ಒಂದೇ ಅಳತೆಯಲ್ಲಿರಬೇಕು, ಸಾಲು ಸೇರಿಸುವಂತಿಲ್ಲ ಎಂಬ ಉತ್ತರ ಬಂತು. ಅಲ್ಲಿ ಹಿಡಿಸದ ಸಾಲುಗಳನ್ನು ಇಲ್ಲಿ ಬರೆಯುತ್ತೇನೆ.

ಮಷೀನು ಧಡಧಡ ಬಡಿದುಕೊಂಡು ಜಾಗ ಬಿಟ್ಟು ಸರಿಯುತ್ತಿದ್ದರೆ ಮೊದಲು ಬಟ್ಟೆ ಹರಡಿ. ಒಂದೇ ಒಂದು ಕಂಬಳಿ ಹಾಕಿದಾಗ ಹೀಗಾಗುತ್ತದೆ. ಖಾಲಿ ಇದ್ದಾಗಲೂ ಹಾಗೇ ಮಾಡಿದರೆ ಮೂಲೆ ಒತ್ತಿ ನೋಡಿ, ಕಾಲು ಅಲ್ಲಾಡಿದರೆ ತಿರುಗಿಸಿ ಮಟ್ಟ ಮಾಡಿ. ಕಾಲು ಸರಿಯಿದ್ದರೆ ಶಾಕ್ ಅಬ್ಸಾರ್ಬರ್ ಅಥವಾ ಕಾಂಕ್ರೀಟ್ ತುಂಡಿನ ಬೋಲ್ಟು ನೋಡಿಸಿ. ಹೊಸ ಮಷೀನಾದರೆ, ಸಾಗಿಸುವಾಗ ಹಿಂದೆ ಬಿಗಿದಿದ್ದ ಬೋಲ್ಟು ತೆಗೆದಿದ್ದಾರೆಯೇ ಕೇಳಿ. ನೀರು ಹೋಗುವಾಗ ಮಾತ್ರ ಕಟಕಟ ಎಂದರೆ ಫಿಲ್ಟರ್. ಡ್ರಮ್ಮಿನ ಜೊತೆ ಪರಪರ ಕೆರೆದರೆ ನಾಣ್ಯವೋ ತಂತಿಯೋ ಡ್ರಮ್ಮಿಗೂ ತೊಟ್ಟಿಗೂ ನಡುವೆ ಸೇರಿದೆ. ವೇಗ ಏರುವ ಹೊತ್ತಿಗೆ ಕಿರ್ರ್ ಎಂದರೆ ಬೆಲ್ಟು. ವೇಗ ಏರಿದಂತೆ ಏರುವ ಗೋಂ ಆದರೆ, ತಡಮಾಡಬೇಡಿ. ಮತ್ತು ಮನೆಯಲ್ಲಿ ಮಷೀನಿನ ಪಕ್ಕ ಹೆಚ್ಚು ಹೊತ್ತು ಇರುವವರು ಯಾರೋ ಅವರನ್ನು ಮೊದಲು ಕೇಳಿ.

ಮಿಸ್ತ್ರಿ ಕೊಟ್ಟ ಆರು ತಿಂಗಳ ಗ್ಯಾರಂಟಿ ಬಾಯಿಮಾತಿನದು. ಕೊಯ್ದು ಕೂಡಿಸಿದ ತೊಟ್ಟಿ ಇಲ್ಲಿಯವರೆಗೆ ಸೋರಿಲ್ಲ. ಅಮ್ಮ ಊರಿಗೆ ಹೋಗುವ ಮಾತನ್ನೂ ಬಿಟ್ಟಿಲ್ಲ. ಮಾಗಿ ಕಳೆಯಲಿ ನೋಡೋಣ ಎಂದು ಮುಂದಕ್ಕೆ ಹಾಕಿದ್ದಾಳೆ. ಮೊನ್ನೆ ನಾನು ಮನೆಗೆ ಬಂದಾಗ ಕೆಳಗಿನ ಮನೆಯಾಕೆ ನಮ್ಮ ಅಡುಗೆಮನೆಯಲ್ಲಿ ನಿಂತು ತಮ್ಮ ಮಿಕ್ಸಿಯ ಸದ್ದನ್ನು ಬಾಯಲ್ಲಿ ಮಾಡಿ ತೋರಿಸುತ್ತಿದ್ದರು. ಅಮ್ಮ ಕಣ್ಣು ಮುಚ್ಚಿ ಕೇಳುತ್ತಿದ್ದಳು.