ಒಂದು ಬಿಳಿ ಅಂಗಿ

ಗಿರಣಿಯ ಊರಿನಲ್ಲಿ ಹುಟ್ಟಿ ಬೆಳೆದವರಿಗೆ ಬಟ್ಟೆಯ ವಿಷಯದಲ್ಲಿ ಒಂದು ಬಗೆಯ ಜಂಬವಿರುತ್ತದೆ. ಸೊಲ್ಲಾಪುರದವರಾದ ನಮಗೂ ಅದು ತಪ್ಪಿದ್ದಲ್ಲ. 1877ರಲ್ಲಿ ಇಲ್ಲಿ ಮೊದಲನೆಯ ನೂಲಿನ ಗಿರಣಿ ಎದ್ದಿತು. ಅದನ್ನು ಜನರು ‘ಜುನೀ ಗಿರಣಿ’ ಎಂದೇ ಕರೆದರು. ಆಮೇಲೆ ಬಂದ ಗಿರಣಿಗಳ ಭೋಂಗಾ ಕೂಗಿದಾಗ ಏಳುವುದು, ಕೂಗಿದಾಗ ಉಣ್ಣುವುದು ನಮ್ಮ ಬಾಲ್ಯದ ಕ್ರಮವಾಗಿತ್ತು. ಇಂದು ಆ ಕೂಗು ಇಲ್ಲ. ಜಂಬ ಮಾತ್ರ ಉಳಿದಿದೆ. ಹೀಗಿದ್ದೂ ನಾವು ಇಲ್ಲಿ ಬರೆಯಹೊರಟಿರುವುದು ನಮ್ಮೂರಿನ ಬಟ್ಟೆಯನ್ನು ಕುರಿತಲ್ಲ. ನಮ್ಮ ಪೆಟ್ಟಿಗೆಯಲ್ಲಿರುವ ಪರದೇಶದ ಒಂದು ಅಂಗಿಯನ್ನು ಕುರಿತು. ವಾಚಕರು ಮನ್ನಿಸಬೇಕು.

ನೋಡಿದವರಿಗೆ ಅದರಲ್ಲಿ ಹೇಳಿಕೊಳ್ಳುವಂತಹುದೇನೂ ಕಾಣದು. ಬಣ್ಣ ಬಿಳುಪು, ಅದೂ ಕಾಲದಿಂದ ಹಾಲಿನ ಕೆನೆಯ ಕಡೆಗೆ ವಾಲಿದೆ. ಜೇಬಿಲ್ಲ, ಗೆರೆಯಿಲ್ಲ, ಹೊಳಪಿಲ್ಲ. ಕೊರಳ ಒಳಗಿನ ಪಟ್ಟಿಯಲ್ಲಿ ಹೊಲಿದವರ ಹೆಸರು ಅಳಿಸಿಹೋಗಿ, ‘ಲಂಡನ್’ ಎಂಬುದೂ ಅದರ ಕೆಳಗೆ ‘ವೆಸ್ಟ್ ಇಂಡಿಯನ್ ಸೀ ಐಲಂಡ್ ಕಾಟನ್’ ಎಂಬುದೂ ಉಳಿದಿವೆ. ಇದನ್ನು ತೊಟ್ಟು ನಾವು ಎಷ್ಟೋ ಸಭೆಗಳಲ್ಲಿ ಕುಳಿತಿದ್ದೇವೆ. ಎಷ್ಟೋ ಮದುವೆಗಳಲ್ಲಿ ಉಂಡಿದ್ದೇವೆ. ಒಬ್ಬರೂ ಅದರ ಬಗ್ಗೆ ಒಂದು ಮಾತು ಕೇಳಿದ್ದಿಲ್ಲ. ನಮ್ಮ ಪಕ್ಕದಲ್ಲಿ ಜರಿಯಂಚಿನ ಉತ್ತರೀಯ ಹೊದ್ದವರನ್ನು ಮಾತ್ರ ಎಲ್ಲರೂ ನೋಡುತ್ತಿದ್ದರು.

ನಮ್ಮ ತೀರ್ಥರೂಪರು ಗಿರಣಿಯೊಂದರ ಘಡಿಖಾತೆಯಲ್ಲಿದ್ದರು. ಮಗ್ಗದಿಂದ ಬಂದ ತಾನುಗಳನ್ನು ತಪಾಸಣೆ ಮಾಡಿ ಮಡಿಸಿಡುವುದು ಅಲ್ಲಿಯ ಕೆಲಸ. ನೇಯ್ಗೆಯ ಮಾಸ್ತರರು ಲ್ಯಾಂಕಶೈರಿನಿಂದ ಬಂದ ಇಂಗ್ಲಿಷರು. ಒಂದು ದಿನ ತೀರ್ಥರೂಪರು ಧೈರ್ಯಮಾಡಿ, ಅವರ ಅಂಗಿಯ ತೋಳನ್ನು ಒಮ್ಮೆ ಮುಟ್ಟಿ ನೋಡಬಹುದೇ ಎಂದು ಕೇಳಿದರಂತೆ. ಮುಟ್ಟಿ, ‘ಎರಡೆಳೆಯ ಹುರಿ, ನೂರು ನಂಬರಿಗೆ ಕಡಿಮೆ ಇಲ್ಲ’ ಎಂದರಂತೆ. ಸಾಹೇಬರು ನಕ್ಕು ಸುಮ್ಮನಾದರು. 1952ರಲ್ಲಿ ಅವರು ಊರು ಬಿಟ್ಟು ಹೋಗುವಾಗ ಕುರ್ಚಿ ಮೇಜುಗಳನ್ನು ಯಾರು ಯಾರಿಗೋ ಕೊಟ್ಟರು. ತೀರ್ಥರೂಪರ ಕೈಗೆ ಬಂದದ್ದು ಕಾಗದದಲ್ಲಿ ಸುತ್ತಿದ ಈ ಅಂಗಿ.

ನೂರು ನಂಬರು ಎಂದರೆ ಏನು? 840 ಗಜ ನೂಲಿನ ಒಂದು ಲಡಿ. ಅಂತಹ ಎಷ್ಟು ಲಡಿಗಳು ಸೇರಿದರೆ ಒಂದು ಪೌಂಡು ತೂಗುವುದೋ ಅಷ್ಟು ಆ ನೂಲಿನ ನಂಬರು. ನೂರು ನಂಬರಿನ ಒಂದು ಪೌಂಡು ನೂಲನ್ನು ಬಿಚ್ಚಿದರೆ 84,000 ಗಜ. ಅಂದರೆ ಸೊಲ್ಲಾಪುರದಿಂದ ಅಕ್ಕಲಕೋಟೆಗೆ ಹೋಗಿ ಹಿಂತಿರುಗಿ ಬರುವಷ್ಟು, ಹೆಚ್ಚುಕಡಿಮೆ. ಇಂತಹ ಎಳೆ ನಮ್ಮ ಸೀಮೆಯ ಗಿಡ್ಡ ಅರಳೆಯಿಂದ ಬಾರದು. ಒಂದೂವರೆ ಅಂಗುಲ ಇಲ್ಲವೆ ಅದಕ್ಕೂ ಉದ್ದದ ನಾರು ಬೇಕು. ಅಮೆರಿಕೆಯ ದಕ್ಷಿಣ ಕರೋಲಿನ, ಜಾರ್ಜಿಯಗಳ ಕಡಲದ್ವೀಪಗಳಲ್ಲಿ ಗುಲಾಮರ ದುಡಿಮೆಯಿಂದ ಅಂತಹ ಹತ್ತಿ ಬೆಳೆಯಿತು; ಕಾಯಿಕೊರಕ ಹುಳ ಬಿದ್ದು 1920ರ ಹೊತ್ತಿಗೆ ಅಲ್ಲಿ ಹಾಳಾಯಿತು. ವೆಸ್ಟ್ ಇಂಡೀಸಿನ ದ್ವೀಪಗಳಲ್ಲಿ ಅದರ ಕುಲ ಉಳಿಯಿತು. ಅಲ್ಲಿಯ ಸೇಂಟ್ ವಿನ್ಸೆಂಟ್ ತಳಿಯನ್ನೂ ‘ಸುಜಾತಾ’ ಎಂಬ ತಳಿಯನ್ನೂ ಕೂಡಿಸಿ 1974ರಲ್ಲಿ ಕೊಯಮುತ್ತೂರಿನ ಸಂಶೋಧಕರು ‘ಸುವಿನ್’ ಹತ್ತಿಯನ್ನು ಪಡೆದರು. ಇಬ್ಬರ ಹೆಸರಿನ ಮೊದಲಕ್ಷರಗಳನ್ನು ಮಗುವಿಗೆ ಇಟ್ಟಂತಾಯಿತು. ಅಂದಮೇಲೆ ನಮ್ಮ ಅಂಗಿಯ ನೆಂಟರು ಈಗ ಭಾರತದಲ್ಲಿಯೇ ಇದ್ದಾರೆ.

ತೀರ್ಥರೂಪರು ವರ್ಷಕ್ಕೊಮ್ಮೆ ಅದನ್ನು ಹೊರತೆಗೆದು ಬೇವಿನೆಲೆ ಬದಲಿಸುವರು. ಆಗ ನಮ್ಮನ್ನು ಹತ್ತಿರ ಕೂಡಿಸಿಕೊಂಡು, ‘ಕಣ್ಣಿಲೆ ನೋಡಬ್ಯಾಡ, ಬೆರಳಿಲೆ ನೋಡು’ ಎನ್ನುವರು. ಬಟ್ಟೆ ತೆಳುವು, ಆದರೆ ಜೊಳ್ಳಲ್ಲ. ಹಿಡಿಯಲ್ಲಿ ಮುದ್ದೆ ಮಾಡಿ ಬಿಟ್ಟರೆ ಬೇಸರಿಸದೆ ಬಿಚ್ಚಿಕೊಳ್ಳುತ್ತದೆ. ಗುಂಡಿಗಳು ಮುತ್ತಿನ ಚಿಪ್ಪಿನವು. ತುಟಿಗೆ ತಾಗಿಸಿದರೆ ತಣ್ಣಗೆ. ಪ್ಲಾಸ್ಟಿಕ್ಕಿನದು ಹಾಗೆ ತಣ್ಣಗಿರದು. ಬೆನ್ನಿನ ಮೇಲಿನ ಪಟ್ಟಿ ಒಂದೇ ತುಂಡಲ್ಲ, ನಡುವೆ ಕೂಡಿಸಿದ ಎರಡು. ಯಾಕೆಂದರೆ ಮನುಷ್ಯನ ಎರಡು ಹೆಗಲುಗಳು ಸಮನಾಗಿರುವುದು ಅಪರೂಪ. ಕಾಲರಿನೊಳಗಿನ ಅಸ್ತರನ್ನು ಅಂಟಿಸಿಲ್ಲ, ಹೊಲಿದಿದ್ದಾರೆ. ಆದ್ದರಿಂದ ಎಷ್ಟು ಒಗೆದರೂ ಬೊಬ್ಬೆ ಏಳಲಿಲ್ಲ. ಬಗಲಿನ ಹೊಲಿಗೆಯಲ್ಲಿ ಅಂಗುಲಕ್ಕೆ 18 ಟಾಕೆ; ನಾವು ಎಣಿಸಿದ್ದೇವೆ. ಬಟ್ಟೆಯ ಕತ್ತರಿಸಿದ ಅಂಚು ಎಲ್ಲಿಯೂ ಬಯಲಾಗದಂತೆ ಒಳಕ್ಕೆ ಮಡಿಸಿ ಎರಡನೆಯ ಸಲ ಹೊಲಿದಿರುವುದರಿಂದ, ಅಂಗಿಯನ್ನು ಒಳಮಗ್ಗುಲು ಹೊರಗೆ ಮಾಡಿದರೂ ನಾಚಿಕೆಯಿಲ್ಲ. ತೊಟ್ಟವನನ್ನು ಬಿಟ್ಟು ಇನ್ನಾರೂ ನೋಡದ ಜಾಗಕ್ಕೆ ಅಷ್ಟು ದುಡಿಮೆ! ಇಂದಿನ ಅಂಗಡಿಗಳಲ್ಲಿ ಎದೆಯ ಮೇಲೆ ಕಂಪನಿಯ ಗುರುತನ್ನು ಕಸೂತಿ ಮಾಡಿ, ಒಳಗಿನ ಹೊಲಿಗೆಯಲ್ಲಿ ದಾರ ಉಳಿಸುತ್ತಾರೆ. ಅದಕ್ಕೇ ಬೆಲೆಯೂ ಹೆಚ್ಚು.

ಇಷ್ಟು ಮೆಚ್ಚಿದ ಅಂಗಿಯನ್ನು ತೀರ್ಥರೂಪರು ಒಂದು ದಿನವಾದರೂ ತೊಡಲಿಲ್ಲ. ಮೈಗೆ ಸರಿಯಾಗಿತ್ತು. ನಾವು ಕಾರಣ ಕೇಳಿದಾಗ ಮೊದಮೊದಲು ಮಾತು ಮರೆಸುತ್ತಿದ್ದರು. 1930ರ ಮೇ ತಿಂಗಳಲ್ಲಿ ಈ ಊರಿಗೆ ಮಾರ್ಶಲ್ ಲಾ ಬಿದ್ದಾಗ ಅವರಿಗೆ ಹದಿಮೂರು ವರ್ಷ. ಮರುವರ್ಷ ಜನವರಿ 12ರಂದು ಮಲ್ಲಪ್ಪ ಧನಶೆಟ್ಟಿ, ಕುರ್ಬಾನ್ ಹುಸೇನ್, ಶ್ರೀಕೃಷ್ಣ ಸಾರಡಾ, ಜಗನ್ನಾಥ ಶಿಂದೆ ಈ ನಾಲ್ವರನ್ನು ಯರವಡೆಯಲ್ಲಿ ಗಲ್ಲಿಗೇರಿಸಿದರು. ‘ಆ ನಾಕು ಮಂದಿ ಓಡ್ಯಾಡಿದ ಓಣ್ಯಾಗ ಇದನ್ನ ಹಾಕ್ಕೊಂಡು ಹ್ಯಾಂಗ ಹೋಗಲಿ?’ ಎಂದು ಒಮ್ಮೆ ಹೇಳಿದರು. ಹಾಗೆಂದು ಅದನ್ನು ಸುಡಲೂ ಇಲ್ಲ. ‘ಹೊಲದಾಂವ ಏನ್ ತಪ್ಪ ಮಾಡ್ಯಾನ?’ ಎಂಬುದೂ ಅವರದೇ ಮಾತು. ಈ ಎರಡು ಮಾತುಗಳನ್ನು ಅವರು ಹೇಗೆ ಒಟ್ಟಿಗೆ ಇಟ್ಟುಕೊಂಡಿದ್ದರೋ, ನಾವು ಅವರ ವಯಸ್ಸನ್ನು ಮೀರಿದ ಮೇಲೂ ನಮಗೆ ಪೂರ್ತಿ ತಿಳಿದಿಲ್ಲ. 1968ರಲ್ಲಿ ನಮಗೆ ಕನ್ನಡ ಶಾಲೆಯಲ್ಲಿ ನೌಕರಿ ಸಿಕ್ಕಾಗ ತಾವೇ ಅದನ್ನು ತೆಗೆದುಕೊಟ್ಟು, ‘ನೀ ಹಾಕ್ಕೋ. ನೀ ಅದನ್ನೆಲ್ಲಾ ನೋಡಿಲ್ಲ’ ಎಂದರು.

ಅಂಗಿಯನ್ನು ಗುರುತಿಸಿದವರು ಒಬ್ಬರೇ. ಮಂಗಳವಾರ ಪೇಟೆಯ ಒಬ್ಬ ಮುದಿ ಸಿಂಪಿಗರು. ಕಾಲರಿನ ಮಡಿಕೆ ಸವೆದಾಗ ಅವರೇ ಅದನ್ನು ಬಿಚ್ಚಿ, ತಿರುವಿ, ಹೊಲಿದು ಕೊಟ್ಟಿದ್ದರು. ಹಲವು ವರ್ಷಗಳ ಮೇಲೆ ಆ ಮಗ್ಗುಲೂ ಸವೆಯಿತು. ಕನ್ನಡಕ ಏರಿಸಿ ನೋಡಿ, ‘ಮಾಸ್ತರ್ರ, ಇನ್ನ ತಿರುವಾಕ ಬರೂದಿಲ್ಲ. ಹಿಂದಿನ ಬಾಲದಾಗಿನ ಅರಿವಿ ಕತ್ತರಿಸಿ ಹೊಸಾ ಕಾಲರ ಮಾಡಬೇಕು’ ಎಂದರು. ಕೂಲಿ ಎಷ್ಟೆಂದು ಕೇಳಿದರೆ, ‘ಒಂದು ರಾತ್ರಿ ನನ್ನ ಹಂತ್ಯಾಕ ಇರ್ಲಿ, ಸಾಕು’ ಎಂದರು. ಒಳಹೊಲಿಗೆಯನ್ನು ಸಾವಕಾಶವಾಗಿ ನೋಡಬೇಕಂತೆ.

ಮರುದಿನ ಹೋದಾಗ ಕಾಲರು ಸಿದ್ಧವಾಗಿತ್ತು. ಕತ್ತರಿಸಿದ ಬಾಲಕ್ಕೆ ಬೇರೆ ಬಿಳಿ ಬಟ್ಟೆ ಜೋಡಿಸಿದ್ದರು. ಎಲ್ಲಿಯದೆಂದು ವಿಚಾರಿಸಿದೆವು. ‘ನಮ್ಮ ಗಿರಣೀದರಿ. ಹಳೇ ತುಂಡು ಇಟ್ಟಿದ್ದೆ’ ಎಂದರು. ದಪ್ಪ ನೂಲು, ಇಪ್ಪತ್ತು ನಂಬರಿನದಿರಬೇಕು; ಬೆರಳಿಗೆ ಕೂಡಲೇ ತಿಳಿಯುತ್ತದೆ. ಪ್ಯಾಂಟಿನೊಳಗೆ ಸೇರಿಸಿದರೆ ಹೊರಗೆ ಕಾಣುವುದಿಲ್ಲ.